ವೈದ್ಯಕೀಯ ಸ್ತನ ಪರೀಕ್ಷೆ

ವೈದ್ಯಕೀಯ ಸ್ತನ ಪರೀಕ್ಷೆ ಎಂದರೆ ತರಬೇತಿ ಪಡೆದ ವೈದ್ಯರು, ದಾದಿಯರು ಅಥವಾ ಆರೋಗ್ಯ ಕಾರ್ಯಕರ್ತೆಯರು ಸ್ತನಗಳನ್ನೂ ಕಂಕುಳನ್ನೂ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ನಡೆಸುವ ತಪಾಸಣೆ. ಇದಕ್ಕೆ ಯಂತ್ರದ ಅಗತ್ಯವಿಲ್ಲ. ಭಾರತ ಸರ್ಕಾರದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ಈ ಪರೀಕ್ಷೆಯನ್ನು ಸೂಚಿಸುತ್ತದೆ.

ವಿಧಾನ

ಮೊದಲು ಮಹಿಳೆಯನ್ನು ಕೂರಿಸಿ, ಕೈಗಳನ್ನು ಇಳಿಬಿಟ್ಟಾಗ, ಮೇಲೆತ್ತಿದಾಗ ಹಾಗೂ ಸೊಂಟದ ಮೇಲೆ ಒತ್ತಿ ಹಿಡಿದಾಗ ಸ್ತನಗಳ ಆಕಾರವನ್ನೂ ಚರ್ಮವನ್ನೂ ಗಮನಿಸುತ್ತಾರೆ. ಅನಂತರ ಮಲಗಿಸಿ, ಮೂರು ಬೆರಳುಗಳ ಒಳಮೈಯಿಂದ ಹಗುರವಾಗಿ, ಮಧ್ಯಮವಾಗಿ, ಆಳವಾಗಿ ಒತ್ತುತ್ತಾ ಸ್ತನದ ಪೂರ್ಣ ಭಾಗವನ್ನು ಸಾಲುಸಾಲಾಗಿ ಪರೀಕ್ಷಿಸುತ್ತಾರೆ. ಕಂಕುಳು ಮತ್ತು ಕೊರಳೆಲುಬಿನ ಮೇಲ್ಭಾಗವನ್ನೂ ಬಿಡುವಂತಿಲ್ಲ.

ಸಹಜ ಲಕ್ಷಣಗಳು

ಎರಡು ಸ್ತನಗಳ ಗಾತ್ರದಲ್ಲಿ ಅಲ್ಪ ವ್ಯತ್ಯಾಸವಿರುವುದು ಸಹಜ. ಮುಟ್ಟಿಗೆ ಮುಂಚೆ, ವಿಶೇಷವಾಗಿ ಮೇಲಿನ ಹೊರಭಾಗದಲ್ಲಿ, ಹರಳುಹರಳಾದ ಸ್ಪರ್ಶವೂ ನೋವೂ ಎರಡೂ ಕಡೆ ಕಾಣಿಸಿಕೊಂಡು ಮುಟ್ಟಿನ ಬಳಿಕ ತಗ್ಗಬಹುದು. ಸ್ತನದ ಕೆಳ ಅಂಚಿನ ಗಟ್ಟಿ ಮಡಿಕೆ, ತೊಟ್ಟಿನ ಸುತ್ತಲಿನ ಸಣ್ಣ ಗುಳ್ಳೆಗಳು, ಹರೆಯದಿಂದಲೇ ಒಳಸೇರಿರುವ ತೊಟ್ಟು ಸಾಮಾನ್ಯವಾಗಿ ರೋಗಸೂಚಕಗಳಲ್ಲ.

ಅಸಹಜ ಲಕ್ಷಣಗಳು

* ಸುತ್ತಲಿನ ಭಾಗಕ್ಕಿಂತ ಭಿನ್ನವಾದ, ಗಟ್ಟಿಯಾದ, ಅಂಚು ಅಸ್ಪಷ್ಟವಾದ ಅಥವಾ ಅಲುಗಾಡದ ಗಂಟು
* ಚರ್ಮದಲ್ಲಿ ಕುಳಿ, ಕಿತ್ತಳೆ ಸಿಪ್ಪೆಯಂಥ ದಪ್ಪನೆಯ ಮೇಲ್ಮೈ, ಮಾಯದ ಹುಣ್ಣು
* ಇತ್ತೀಚೆಗೆ ಒಳಸೇರಿದ ತೊಟ್ಟು, ತೊಟ್ಟಿನ ಮೇಲೆ ವಾಸಿಯಾಗದ ಇಸುಬು
* ಒಂದೇ ಕಡೆಯಿಂದ ತಾನಾಗಿ ಒಸರುವ ರಕ್ತ ಅಥವಾ ನೀರಿನಂಥ ಸ್ರಾವ
* ಕಂಕುಳಲ್ಲಿ ಗಟ್ಟಿಯಾದ ಗಂಟು

ಇವೆಲ್ಲವೂ ಕ್ಯಾನ್ಸರ್ ಎಂದೇ ಅರ್ಥವಲ್ಲ. ಯುವತಿಯರಲ್ಲಿ ನುಣುಪಾಗಿ, ಬೆರಳಡಿ ಜಾರುವ ಗಂಟು ಬಹುಮಟ್ಟಿಗೆ ಫೈಬ್ರೊಅಡಿನೋಮಾ ಎಂಬ ನಿರಪಾಯಕಾರಿ ಗಡ್ಡೆ. ಹಾಲೂಡಿಸುವ ತಾಯಂದಿರಲ್ಲಿ ಕೆಂಪು, ಬಿಸಿ, ಜ್ವರಗಳಿದ್ದರೆ ಸೋಂಕಿರಬಹುದು. ಔಷಧಿಗೆ ಬಗ್ಗದಿದ್ದರೆ ಮುಂದಿನ ತಪಾಸಣೆ ಅಗತ್ಯ. ನೋವಿಲ್ಲವೆಂಬ ಸಮಾಧಾನವೇ ಅಪಾಯಕಾರಿ: ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುತೇಕ ನೋಯುವುದಿಲ್ಲ. ನೋವಿಗಾಗಿ ಕಾಯುತ್ತ ಕುಳಿತವರು ಚಿಕಿತ್ಸೆಯ ಸಕಾಲವನ್ನು ಕಳೆದುಕೊಳ್ಳುತ್ತಾರೆ.

ಮುಂದಿನ ಹಂತ ಮತ್ತು ಮಿತಿ

ಕೈಪರೀಕ್ಷೆಯೊಂದರಿಂದಲೇ ರೋಗನಿರ್ಣಯವಾಗದು. ಸಂಶಯವಿದ್ದಲ್ಲಿ ಮ್ಯಾಮೊಗ್ರಫಿ ಅಥವಾ ಅಲ್ಟ್ರಾಸೌಂಡ್, ಬಳಿಕ ಸೂಜಿಯಿಂದ ತೆಗೆದ ಅಂಗಾಂಶದ ಪರೀಕ್ಷೆ ಬೇಕಾಗುತ್ತದೆ. ಸಣ್ಣ ಗಂಟುಗಳು ಕೈಗೆ ಸಿಗದೆ ಇರಬಹುದಾದ್ದರಿಂದ, ಪರೀಕ್ಷೆ ಸಹಜವೆಂದು ಬಂದ ಮೇಲೂ ಹೊಸ ಬದಲಾವಣೆ ಕಂಡರೆ ಮತ್ತೆ ತೋರಿಸಬೇಕು. ಶಿವಮೊಗ್ಗದ ವಿನೋಬನಗರದಂಥ ಬಡಾವಣೆಗಳ ನಿವಾಸಿಗಳಿಗೆ ನಗರದಲ್ಲೇ ಮೆಗ್ಗಾನ್ ಬೋಧನಾ ಆಸ್ಪತ್ರೆಯಿದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ರಾಜ್ಯದ ಪ್ರಮುಖ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ.

ಮುಂಬಯಿಯ ಟಾಟಾ ಸ್ಮಾರಕ ಸಂಸ್ಥೆಯು 1998ರಲ್ಲಿ ಆರಂಭಿಸಿದ, ಸುಮಾರು ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಿಗೊಮ್ಮೆ ಈ ಪರೀಕ್ಷೆಗೆ ಒಳಗಾದವರಲ್ಲಿ ರೋಗವು ಮುಂಚಿನ ಹಂತದಲ್ಲೇ ಪತ್ತೆಯಾಯಿತು. 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡ 30ರಷ್ಟು ಕಡಿಮೆಯಾಯಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಂಡುಬರಲಿಲ್ಲ.