ಹೆಜ್ಜಾರ್ಲೆ ಗಣತಿಗೆ ರೈತರ ಕಣ್ಣು ಬೇಕು

ಜನವರಿ ತಿಂಗಳ ಬೆಳಗಿನಲ್ಲಿ ಮೈಸೂರಿನ ಕೆರೆಗಳ ಏರಿಯ ಮೇಲೆ ದುರ್ಬೀನು ಹಿಡಿದು, ಪುಸ್ತಕದಲ್ಲಿ ಲೆಕ್ಕ ಬರೆಯುವವರನ್ನು ಕಾಣಬಹುದು. ಇವರು ಸಂಬಳಕ್ಕೆ ಬಂದವರಲ್ಲ. ೧೯೮೭ರಲ್ಲಿ ಆರಂಭವಾದ ಏಷ್ಯಾ ಖಂಡದ ನೀರುಹಕ್ಕಿ ಗಣತಿಗೆ ಸ್ವಇಚ್ಛೆಯಿಂದ ದುಡಿಯುವವರು. ಅವರು ಎಣಿಸುವ ಹಕ್ಕಿಗಳಲ್ಲಿ ಹೆಜ್ಜಾರ್ಲೆ ಮುಖ್ಯವಾದುದು.

ಹಕ್ಕಿಯ ಪರಿಚಯ

ಹೆಜ್ಜಾರ್ಲೆಯು ಬೂದು ಮಿಶ್ರಿತ ಬಿಳಿ ಬಣ್ಣದ ದೊಡ್ಡ ಹಕ್ಕಿ. ಉದ್ದನೆಯ ಕೊಕ್ಕಿನ ಮೇಲೆ ಚುಕ್ಕೆಗಳೂ, ಕೆಳಗೆ ಚೀಲವೂ ಇರುತ್ತವೆ. ಮೀನು ಇದರ ಆಹಾರ. ಮೈಸೂರಿನ ಕುಕ್ಕರಹಳ್ಳಿ ಮತ್ತು ಕಾರಂಜಿ ಕೆರೆಗಳಲ್ಲಿ ಮರಗಳ ಮೇಲೆ ಗೂಡು ಕಟ್ಟುತ್ತದೆ. ಒಂದು ಕಾಲಕ್ಕೆ ಇದು ವಿನಾಶದ ಅಪಾಯದಲ್ಲಿರುವ ಹಕ್ಕಿಗಳ ಸಾಲಿನಲ್ಲಿತ್ತು. ಈಗ ಸ್ವಲ್ಪ ಸುಧಾರಿಸಿ ಅಪಾಯದ ಅಂಚಿನಲ್ಲಿದೆ.

ಒಂದು ವರ್ಷದ ಇಳುವರಿ ನೋಡಿ ನಾವು ಯಾವ ತಳಿಯನ್ನೂ ಶಿಫಾರಸು ಮಾಡುವುದಿಲ್ಲ. ಹಕ್ಕಿಯ ಲೆಕ್ಕವೂ ಹಾಗೆಯೇ. ಅದೇ ಕೆರೆಯಲ್ಲಿ ಹಲವು ವರ್ಷ ಎಣಿಸಿದರೆ ಮಾತ್ರ ಹೆಚ್ಚಿತೋ ಕುಗ್ಗಿತೋ ತಿಳಿಯುತ್ತದೆ. ನಗರದಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಮೀನಿಗಾಗಿ ದೂರದ ಕೆರೆಗಳಿಗೂ ಹಾರುತ್ತದೆ. ನಗರದ ಸ್ವಯಂಸೇವಕರು ಹಳ್ಳಿಯ ಕೆರೆಗೆ ವರ್ಷಕ್ಕೊಮ್ಮೆ ಬಂದಾರು. ಅಲ್ಲಿಯ ರೈತರು ದಿನವೂ ಕೆರೆಯ ಮೇಲೆಯೇ ಓಡಾಡುತ್ತಾರೆ.

ಕೊಕ್ಕರೆ ಬೆಳ್ಳೂರಿನ ಪಾಠ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮುಂತಾದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ೧೯೭೬ರಲ್ಲಿ ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹಕ್ಕಿಯ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಊರಿನ ರೈತರು ಬಲ್ಲರು. ಹುಣಸೆ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆ ಮಾಡಿತು. ೧೯೯೦ರ ದಶಕದಲ್ಲಿ ಮೈಸೂರಿನ ‘ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್’ ಸಂಸ್ಥೆಯ ಒತ್ತಾಸೆಯಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡತೊಡಗಿದರು. ೨೦೦೭ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು.

೨೦೧೭-೧೮ರಲ್ಲಿ ಇಲ್ಲಿ ಅನೇಕ ಹೆಜ್ಜಾರ್ಲೆಗಳು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದವು. ಇಂತಹ ಹುಳು ಮೀನಿನ ಮೂಲಕ ಹಕ್ಕಿಗೆ ಸೇರುತ್ತದೆ. ಹಕ್ಕಿಯ ಸಾವು ಕೆರೆಯ ಆರೋಗ್ಯದ ಸೂಚನೆಯೂ ಆಗಬಹುದು. ಆ ಕೆರೆಯ ನೀರನ್ನೇ ನಮ್ಮ ದನಕರುಗಳೂ ಕುಡಿಯುತ್ತವೆ.

ಎಣಿಸುವ ಕ್ರಮ

೧. ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಿಂತು ಎಣಿಸಬೇಕು. ಬೆಳಗಿನ ಹೊತ್ತು ಉತ್ತಮ.

೨. ಎರಡು ಸಲ ಎಣಿಸಿ ತಾಳೆ ನೋಡಬೇಕು. ದೊಡ್ಡ ಹಿಂಡಾದರೆ ಹತ್ತು ಹಕ್ಕಿಗಳ ಗುಂಪು ಎಷ್ಟು ಜಾಗ ಹಿಡಿಯುತ್ತದೆಂದು ನೋಡಿಕೊಂಡು, ಹತ್ತು ಹತ್ತಾಗಿ ಲೆಕ್ಕ ಹಾಕಬೇಕು.

೩. ಗೂಡುಗಳನ್ನೂ ಮರಿಗಳನ್ನೂ ಬೇರೆ ಬೇರೆ ಬರೆಯಬೇಕು.

೪. ಹಕ್ಕಿ ಕಾಣದಿದ್ದರೆ ಸೊನ್ನೆ ಎಂದು ಬರೆಯಬೇಕು. ಸೊನ್ನೆಯೂ ಒಂದು ಲೆಕ್ಕವೇ.

೫. ತಾರೀಖು, ಹೊತ್ತು, ಕೆರೆಯ ನೀರಿನ ಮಟ್ಟ ನಮೂದಿಸಬೇಕು.

ಎಚ್ಚರಿಕೆ

ಗೂಡಿನ ಮರದ ಹತ್ತಿರ ಹೋಗಬಾರದು. ತಾಯಿ ಹಕ್ಕಿ ಬೆದರಿ ಎದ್ದರೆ ಮೊಟ್ಟೆ, ಮರಿಗಳು ಕಾಗೆಯ ಪಾಲಾಗುತ್ತವೆ, ಇಲ್ಲವೆ ಬಿಸಿಲಿಗೆ ಸಾಯುತ್ತವೆ. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟದೆ, ಕೋಳಿಗಳನ್ನು ದೂರವಿಟ್ಟು, ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ಕೂಡಲೇ ತಿಳಿಸಬೇಕು. ೨೦೧೭ರ ಜನವರಿಯಲ್ಲಿ ಹಕ್ಕಿಜ್ವರದಿಂದಾಗಿ ಮೈಸೂರು ಮೃಗಾಲಯವನ್ನೇ ಮುಚ್ಚಬೇಕಾಯಿತು.

ಕೀಟನಾಶಕದ ಡಬ್ಬಿ, ಸಿಂಪರಣಾ ಯಂತ್ರಗಳನ್ನು ಕೆರೆಯಲ್ಲಿ ತೊಳೆಯಬಾರದು. ಗೂಡಿರುವ ಮರವನ್ನು ಮರಿಗಳು ಹಾರಿಹೋಗುವವರೆಗೆ ಕಡಿಯಬಾರದು.

ಇದಕ್ಕೆ ಖರ್ಚಿಲ್ಲ, ಒಂದು ನೋಟ್ ಪುಸ್ತಕ, ತಿಂಗಳಿಗೊಂದು ಬೆಳಗು ಸಾಕು. ಊರಿನ ಯುವಕ ಸಂಘ ಅಥವಾ ಶಾಲೆಯ ಮಕ್ಕಳು ಜೊತೆಗೂಡಿದರೆ ಲೆಕ್ಕ ತಪ್ಪದೆ ಮುಂದುವರಿಯುತ್ತದೆ. ರೈತ ಬಾಂಧವರು ಈ ಜನವರಿಯಿಂದಲೇ ತಮ್ಮ ಕೆರೆಯಲ್ಲಿ ಇದನ್ನು ಆರಂಭಿಸಲಿ.