ಹೆಸರು ಅಳಿಸದೆ ಕೊಂಡವರು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪನಿ ಎಂದರೆ ಎರಡೇ ಅರ್ಥ. ಒಂದೋ ಕ್ಯಾಂಪಸ್‌ಗೆ ಬರುವುದು, ಇಲ್ಲವೇ ನಾವೇ ಶುರು ಮಾಡುವ ಸ್ಟಾರ್ಟ್‌ಅಪ್. ಬೇರೆಯವರು ಕಟ್ಟಿದ್ದನ್ನು ಕೊಂಡು ಬೆಳೆಸುವ ಮೂರನೆಯ ದಾರಿಯೂ ಇದೆ ಎಂದು ನನಗೆ ಗೊತ್ತಾದದ್ದು ನ್ಯೂಜಿಲೆಂಡ್‌ನ ಕುರಿ ಲಾರಿಗಳ ಬಗ್ಗೆ ಓದಿದಾಗ.

ಆ ದೇಶದ ದಕ್ಷಿಣದ ತುದಿಯಲ್ಲಿ ಇನ್ವರ್‌ಕಾರ್ಗಿಲ್ ಎಂಬ ಊರು. ಅಲ್ಲಿನ ಬಿಲ್ ರಿಚರ್ಡ್‌ಸನ್ ಲಾರಿ ಹುಚ್ಚಿನ ಮನುಷ್ಯ. ಕುರಿ, ದನ, ಗೊಬ್ಬರ ಸಾಗಿಸುವ ಹಳ್ಳಿಗಾಡಿನ ಸಣ್ಣ ಕಂಪನಿಗಳನ್ನು ಒಂದೊಂದಾಗಿ ಕೊಂಡು ಎಚ್‌.ಡಬ್ಲ್ಯು. ರಿಚರ್ಡ್‌ಸನ್ ಗ್ರೂಪ್ ಬೆಳೆಸಿದರು.

ಅಷ್ಟು ಸಣ್ಣ ಕಂಪನಿಗಳು ಇದ್ದದ್ದಾದರೂ ಯಾಕೆ? ಕಾರಣ ಕಾನೂನು. ರೈಲ್ವೆಯನ್ನು ಉಳಿಸಲು ಅಲ್ಲಿನ ಸರ್ಕಾರ 1930ರ ದಶಕದಲ್ಲಿ ಲಾರಿಗಳಿಗೆ ಲೈಸೆನ್ಸ್ ಪದ್ಧತಿ ತಂದಿತು. ರೈಲು ಇರುವ ಕಡೆ ಸಾಮಾನ್ಯವಾಗಿ 30 ಮೈಲಿ ದಾಟಿ ಸರಕು ಒಯ್ಯುವಂತಿರಲಿಲ್ಲ. ಮಿತಿ 1961ರಲ್ಲಿ 40 ಮೈಲಿ, 1977ರಲ್ಲಿ 150 ಕಿ.ಮೀ. ಆಯಿತು. 1980ರ ದಶಕದಲ್ಲಿ ಪೂರ್ತಿ ಹೋಯಿತು. ಹಾಗಾಗಿ ಒಂದೊಂದು ಸೀಮೆಗೂ ಅದರದೇ ಲಾರಿ ಮಾಲೀಕರು. ಹೊಸ ಲೈಸೆನ್ಸ್ ಸುಲಭಕ್ಕೆ ಸಿಗದಿದ್ದಾಗ ಬೆಳೆಯಬೇಕೆಂದರೆ ಪಕ್ಕದವರ ವ್ಯವಹಾರವನ್ನೇ ಕೊಳ್ಳಬೇಕು.

ಆಮೇಲೆ ಕುರಿಗಳೇ ಕಡಿಮೆಯಾದವು. 1982ರಲ್ಲಿ ಸುಮಾರು 7 ಕೋಟಿ ಇದ್ದವು, ಈಗ ಎರಡೂವರೆ ಕೋಟಿಗೂ ಕಡಿಮೆ. ಅವುಗಳ ಜಾಗಕ್ಕೆ ಹಾಲಿನ ಹಸುಗಳು ಬಂದವು. ಪ್ರತಿವರ್ಷ ಜೂನ್ 1ರ ಆಸುಪಾಸಿನಲ್ಲಿ ಪಾಲಿಗೆ ಹೈನುಗಾರಿಕೆ ಮಾಡುವವರು ಒಪ್ಪಂದ ಮುಗಿಸಿ, ಮನೆ ಸಾಮಾನು, ಹಸುಗಳ ಸಮೇತ ಬೇರೆ ಫಾರಂಗೆ ಹೋಗುತ್ತಾರೆ. ಆ ಕೆಲವು ದಿನ ಎಷ್ಟು ಲಾರಿ ಇದ್ದರೂ ಸಾಲದು. ನಾಲ್ಕು ಲಾರಿಯ ಮಾಲೀಕನಿಗೆ ಇದು ಕಷ್ಟ, ಹತ್ತಾರು ಡಿಪೊ ಇರುವವರಿಗೆ ಅಷ್ಟಲ್ಲ. (ಮೆಕ್ಯಾನಿಕಲ್ ಗೆಳೆಯರಿಗೊಂದು ಮಾತು: ಆ ಲಾರಿಗಳ ಅಡಿಯಲ್ಲಿ ಸಗಣಿ, ಗಂಜಲ ರಸ್ತೆಗೆ ಬೀಳದಂತೆ ಟ್ಯಾಂಕ್ ಇರುತ್ತದೆ, ಅದನ್ನು ಖಾಲಿ ಮಾಡಲು ಹೆದ್ದಾರಿ ಪಕ್ಕದಲ್ಲಿ ಜಾಗಗಳಿವೆ. ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವವರು ಗಮನಿಸಿ.)

ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಕೊಂಡ ಕಂಪನಿಗಳಲ್ಲಿ ಹಲವಕ್ಕೆ ಹಳೆಯ ಹೆಸರನ್ನೇ ಉಳಿಸಿದರು. ರೈತ ಫೋನ್ ಮಾಡುವುದು ಗ್ರೂಪ್‌ಗಲ್ಲ, ಗುರುತಿನ ಡ್ರೈವರ್‌ಗೆ. ಯಾವ ಗೇಟಿಗೆ ಲಾರಿ ತಿರುಗುತ್ತದೆ, ಯಾವ ದಾರಿ ಮಳೆಗೆ ಕೆಡುತ್ತದೆ ಎಂಬುದು ಅವನಿಗೇ ಗೊತ್ತು.

ಹಾವೇರಿ ಕಡೆಯ ಸಂತೆಗಳಿಂದ ಕುರಿ ಒಯ್ಯುವ ಲಾರಿಯೊಂದು ನಮ್ಮಪ್ಪನಿಗೂ ಇದೆ. ನನ್ನ ಬಿಇ ಮುಗಿದ ಮೇಲೆ ಮಾರಿಬಿಡೋಣ ಎಂದು ಮನೆಯಲ್ಲಿ ಮಾತು. ನೋಡಲು ಬಂದ ಬ್ರೋಕರ್ ಕೇಳಿದ್ದು ಮಾಡೆಲ್ ಯಾವುದು, ಟೈರ್ ಹೇಗಿದೆ, ಎಫ್‌ಸಿ ಯಾವಾಗ ಎಂದಷ್ಟೇ. ಯಾವ ಕುರಿಗಾರರು ಯಾವ ಸಂತೆಗೆ ಯಾವಾಗ ಹೊರಡುತ್ತಾರೆ, ಯಾರು ಬಾಡಿಗೆ ಬಾಕಿ ಇಟ್ಟರೂ ಕೊಟ್ಟೇ ಕೊಡುತ್ತಾರೆ ಎಂಬ 18 ವರ್ಷದ ಲೆಕ್ಕ ಅಪ್ಪನ ತಲೆಯಲ್ಲಿದೆ. ಅದಕ್ಕೆ ಬ್ರೋಕರ್ ಒಂದು ರೂಪಾಯಿ ಕಟ್ಟಲಿಲ್ಲ. ಮಾರಬೇಕೋ, ನಾನೇ ಇನ್ನೆರಡು ಲಾರಿ ಸೇರಿಸಬೇಕೋ ಎಂಬುದು ಈಗ ಮನೆಯಲ್ಲಿ ದಿನದ ಚರ್ಚೆ. ಅಮ್ಮ ಮಾತ್ರ ಕ್ಯಾಂಪಸ್ ಸೆಲೆಕ್ಷನ್ ಪರ.

ಕೊಂಡು ಬೆಳೆಯುವುದರಲ್ಲಿ ಎಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ಬಾಗಿಲ ಮೇಲೆ ಹೆಸರು ಹತ್ತಿದ್ದರೂ ಮಾಲೀಕರು ಒಬ್ಬರೇ ಆದರೆ ರೈತ ಬಾಡಿಗೆಗೆ ಚೌಕಾಸಿ ಮಾಡುವುದು ಯಾರ ಹತ್ತಿರ?

ರಿಚರ್ಡ್‌ಸನ್ 2005ರಲ್ಲಿ ತೀರಿಕೊಂಡರು. ಗ್ರೂಪ್ ಮಗಳ ಕುಟುಂಬಕ್ಕೆ ಬಂತು. ಅವರು ಕೂಡಿಟ್ಟ ಹಳೆಯ ಲಾರಿಗಳು ಈಗ ಇನ್ವರ್‌ಕಾರ್ಗಿಲ್‌ನ ಮ್ಯೂಸಿಯಂನಲ್ಲಿವೆ. ಫೋಟೊ ತೋರಿಸಿದಾಗ ಅಪ್ಪ ಕೇಳಿದರು, ‘ಇಷ್ಟಕ್ಕೂ ಎಫ್‌ಸಿ ಯಾರು ಮಾಡಿಸ್ತಾರಪ್ಪಾ?’