ಫೋನಿನಲ್ಲಿ ಬಂದ ನೆಂಟಸ್ತಿಕೆ



ಹಿಂದೆ ನಮ್ಮ ಊರುಗಳಲ್ಲಿ ಗಂಡು ಹುಡುಕುತ್ತಿದ್ದುದು ಹೇಗೆ? ಜಾತ್ರೆಯಲ್ಲಿ, ಸಂತೆಯಲ್ಲಿ ಮಾತು ಬರುತ್ತಿತ್ತು. ಸೋದರಮಾವ ಒಂದು ಮನೆ ಹೇಳುತ್ತಿದ್ದ. ಮದುವೆ ಬ್ರೋಕರ್ ಇನ್ನೊಂದು ಮನೆ ಹೇಳುತ್ತಿದ್ದ. ಆಮೇಲೆ ಪೇಪರಿನಲ್ಲಿ ವಧು-ವರರ ಜಾಹೀರಾತು ಬಂತು. ಈಗ ಅದೇ ಕೆಲಸ ಫೋನಿನಲ್ಲೂ ನಡೆಯುತ್ತದೆ.

"ಮುಖ ನೋಡದವರ ಜೊತೆ ನೆಂಟಸ್ತಿಕೆಯೇ?" ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಬನ್ನಿ, ತಿಳಿಯೋಣ.

ಒಂದು ನಿಜವಾದ ಸಂಗತಿ

ಮುರುಗವೇಲ್ ಜಾನಕಿರಾಮನ್ ಚೆನ್ನೈನವರು. ಕಂಪ್ಯೂಟರ್ ಕೆಲಸಕ್ಕೆ ಅಮೆರಿಕಕ್ಕೆ ಹೋದರು. 1990ರ ದಶಕದ ಕೊನೆಯಲ್ಲಿ ತಮಿಳರಿಗಾಗಿ ಇಂಟರ್‌ನೆಟ್‌ನಲ್ಲಿ ಒಂದು ತಾಣ ಮಾಡಿದರು. ಅದರಲ್ಲಿ ತಮಿಳು ಕ್ಯಾಲೆಂಡರ್ ಇತ್ತು. ವಧು-ವರರ ವಿವರವೂ ಇತ್ತು. ಜನ ಹೆಚ್ಚು ಬಂದದ್ದು ವಧು-ವರರ ಪುಟಕ್ಕೆ! ಅವರಿಗೂ ಹೆಂಡತಿ ಸಿಕ್ಕಿದ್ದು ಅಲ್ಲಿಯೇ. ಆ ಕೆಲಸ ಬೆಳೆದು 'ಭಾರತ್ ಮ್ಯಾಟ್ರಿಮೊನಿ' ಆಯಿತು. ಅದರಲ್ಲಿ ಕನ್ನಡದವರಿಗೂ ಒಂದು ವಿಭಾಗ ಇದೆ. ಇಂಥ ತಾಣಗಳು ಈಗ ಹಲವು.

ಹೇಗೆ ನಡೆಯುತ್ತದೆ?

ಹುಡುಗಿ ಇಲ್ಲವೇ ಮನೆಯವರು ವಿವರ ತುಂಬುತ್ತಾರೆ. ವಯಸ್ಸು, ಓದು, ಕೆಲಸ, ಊರು, ಫೋಟೋ. ಎಂಥ ಗಂಡು ಬೇಕು ಎಂಬುದನ್ನೂ ಬರೆಯುತ್ತಾರೆ. ಕಂಪ್ಯೂಟರ್ ಹೊಂದುವ ವಿವರಗಳನ್ನು ಆರಿಸಿ ತೋರಿಸುತ್ತದೆ. ಇಬ್ಬರಿಗೂ ಇಷ್ಟವಾದರೆ ಮಾತು ಶುರು. ಆಮೇಲೆ ಭೇಟಿ. ಆಮೇಲೆ ಹಿರಿಯರು ಕೂರುತ್ತಾರೆ. ಒಪ್ಪಿಗೆಯಾದರೆ ನಿಶ್ಚಿತಾರ್ಥ.

ಡೇಟಿಂಗ್ ತಾಣ ಎಂಬುದು ಬೇರೆ. ಅಲ್ಲಿ ಹುಡುಗ ಹುಡುಗಿ ತಾವೇ ಪರಿಚಯ ಮಾಡಿಕೊಳ್ಳುತ್ತಾರೆ. ಅಲ್ಲಿಂದಲೂ ಮದುವೆಗಳು ಆಗಿವೆ. ಆದರೆ ಎಲ್ಲರೂ ಮದುವೆಗೇ ಬಂದಿರುವುದಿಲ್ಲ. ಮೊದಲೇ ಕೇಳಿ ತಿಳಿಯಬೇಕು.

ಮೋಸ ಎಲ್ಲಿದೆ?

'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಎಂಬ ಗಾದೆ ಕೇಳಿದ್ದೀರಿ. ಆ ಸುಳ್ಳನ್ನು ಹೊರುವವಳು ಯಾರು? ಮದುವೆಯಾದ ಹುಡುಗಿ. ಬ್ರೋಕರ್ ಸುಳ್ಳು ಹೇಳಿದರೆ ಅವನ ಮನೆಗೆ ಹೋಗಿ ಕೇಳಬಹುದು. ಫೋನಿನೊಳಗಿನ ಸುಳ್ಳುಗಾರನ ಮನೆ ಎಲ್ಲಿ?

ಒಂದು ಮೋಸ ಹೀಗೆ ನಡೆಯುತ್ತದೆ. "ನಾನು ಪರದೇಶದಲ್ಲಿ ಡಾಕ್ಟರ್" ಅನ್ನುತ್ತಾನೆ. ಸಿಹಿ ಮಾತಾಡುತ್ತಾನೆ. "ನಿನಗೆ ಚಿನ್ನ ಕಳಿಸಿದ್ದೇನೆ" ಅನ್ನುತ್ತಾನೆ. ಮರುದಿನ ಬೇರೊಬ್ಬರ ಫೋನ್ ಬರುತ್ತದೆ. "ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಸುಂಕ ಕಟ್ಟಿ." ಹಣ ಹೋಗುತ್ತದೆ. ಚಿನ್ನವೂ ಇಲ್ಲ, ಡಾಕ್ಟರೂ ಇಲ್ಲ.

ಮದುವೆ ತಾಣಗಳಿಗೆ ಕೇಂದ್ರ ಸರ್ಕಾರ 2016ರಲ್ಲಿ ಸೂಚನೆ ಕೊಟ್ಟಿದೆ. ಹೆಸರು ಹಾಕುವವರಿಂದ ಗುರುತಿನ ದಾಖಲೆ ಪಡೆಯಬೇಕು ಎಂದಿದೆ. ಆದರೂ ನಮ್ಮ ಎಚ್ಚರ ನಮಗಿರಬೇಕು.

ನಾವು ಏನು ಮಾಡಬೇಕು?

1. ಹಣ ಕೇಳಿದರೆ ಮಾತು ನಿಲ್ಲಿಸಿ. ಬ್ಯಾಂಕಿನಿಂದ ಫೋನಿಗೆ ಬರುವ ಗುಟ್ಟಿನ ಅಂಕಿಯನ್ನು ಯಾರಿಗೂ ಹೇಳಬೇಡಿ.

2. ವಿಡಿಯೋದಲ್ಲಿ ಮುಖ ನೋಡಿ. ಮೊದಲ ಭೇಟಿ ಜನ ಇರುವ ಕಡೆ ಇರಲಿ. ಮನೆಯವರಿಗೆ ತಿಳಿಸಿ ಹೋಗಬೇಕು.

3. ಅವನ ಊರಿಗೆ ಹೋಗಿ. ಅಕ್ಕಪಕ್ಕದವರನ್ನು ಕೇಳಿ. ಕೆಲಸದ ಜಾಗದಲ್ಲಿ ವಿಚಾರಿಸಿ. ಮೊದಲೇ ಮದುವೆ ಆಗಿದೆಯೇ ಎಂದೂ ಕೇಳಿ.

4. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಲೇಬೇಕು.

5. ವರದಕ್ಷಿಣೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. 1961ರಿಂದಲೇ ಈ ಕಾನೂನು ಇದೆ. ಫೋನಿನಲ್ಲಿ ಕೂಡಿದ ಮದುವೆಗೂ ಅದೇ ಕಾನೂನು.

ಮೋಸವಾಗಿ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಯಲು ದಾರಿ ಇರುತ್ತದೆ. ಹೆಣ್ಣುಮಕ್ಕಳ ಸಹಾಯಕ್ಕೆ 181 ಇದೆ. ನಾಚಿಕೆಯಿಂದ ಸುಮ್ಮನಿರಬೇಡಿ. ತಪ್ಪು ಮೋಸ ಮಾಡಿದವನದು, ನಂಬಿದವಳದಲ್ಲ.

ಹುಡುಗಿಯ ಮಾತು

ಫೋನು ಪರಿಚಯ ಮಾಡಿಸುತ್ತದೆ, ಅಷ್ಟೇ. ಗುಣ ನೋಡುವ ಕೆಲಸ ನಮ್ಮದು. 'ಹೂಂ' ಅನ್ನುವ ಹಕ್ಕು ಹುಡುಗಿಯದು. 'ಬೇಡ' ಅನ್ನುವ ಹಕ್ಕೂ ಅವಳದೇ. ನಿಶ್ಚಿತಾರ್ಥ ಆದ ಮೇಲೆ ಸುಳ್ಳು ತಿಳಿದರೂ ಅವಳು ಬೇಡ ಅನ್ನಬಹುದು.

ಈಗ ನಿಮಗೆ ಓದು ಬಂದಿದೆ. ಮಗಳ ಬಗ್ಗೆ ಫೋನಿನಲ್ಲಿ ಏನು ಬರೆದಿದ್ದಾರೆ, ನೀವೇ ಓದಿ. ಸುಳ್ಳಿದ್ದರೆ ತೆಗೆಸಿ.

ಯೋಚಿಸಿ, ಮಾತಾಡಿ

* ನಿಮ್ಮ ಮದುವೆಗೆ ಮುಂಚೆ ನಿಮ್ಮನ್ನು ಯಾರಾದರೂ ಕೇಳಿದ್ದರೇ?
* ನಿಮ್ಮ ಮಗಳನ್ನು ನೀವು ಹೇಗೆ ಕೇಳುತ್ತೀರಿ?